ಇಳಿಜಾರು ಮುಗಿಯುವಲ್ಲಿ

ಮೊನ್ನೆ ಸದಾಶಿವಗಡದ ಬಡಗಿಯ ಅಂಗಡಿಯಲ್ಲಿ ನೆನೆದ ಪ್ಲೈವುಡ್ಡಿನ ವಾಸನೆ ಮೂಗಿಗೆ ಬಡಿಯಿತು. ನಿಮಗದು ಬರೀ ಮರದ ವಾಸನೆ. ನನಗೆ ತಂಗಿ ವೈಶಾಲಿಯ ನೆನಪು.

ಮಾಜಾಳಿಯ ನಮ್ಮ ಮನೆಯಲ್ಲಿ ನೀರೆಂದರೆ ಸಮುದ್ರ. ಅಪ್ಪ ಬಲೆ ಬೀಸಿದರು, ಆಯಿ ಮೀನು ಮಾರಿದಳು. ನಾನು ಕನ್ನಡ ಮಾಸ್ತರನಾಗಿ ನೀರನ್ನು ಪದ್ಯಗಳಲ್ಲಷ್ಟೇ ಕಂಡೆ. ತಂಗಿ ಮಾತ್ರ ಎಂಜಿನಿಯರಿಂಗ್ ಓದಿ, ನೀರಿನ ಹರಿವನ್ನೇ ಕಾಲೇಜಿನಲ್ಲಿ ಪಾಠ ಮಾಡುವವಳಾದಳು.

ಆಯಿಯ ತಂಗಿ, ನಮ್ಮ ಮಾವಶಿಯ ಮನೆ ಇರುವುದು ತೋಡೂರಿನ ಗುಡ್ಡದ ಬುಡದಲ್ಲಿ. ಗುಡ್ಡದ ಮಳೆನೀರು ಇಳಿದು ಹೋಗಲೆಂದು ಅಲ್ಲಿ ಹೊಸ ಕಾಲುವೆ ಕಟ್ಟುವವರಿದ್ದರು. ವೈಶಾಲಿ ಅದರ ನಕ್ಷೆ ಪಡೆದು, ಕಂಪ್ಯೂಟರಿನಲ್ಲಿ ಅದೇ ಕಾಲುವೆ ಮಾಡಿ ಜೋರು ಮಳೆಯ ನೀರು ಹರಿಸಿ ನೋಡಿದಳು. ಕಡಿದಾದ ಇಳಿಜಾರಿನಲ್ಲಿ ತೆಳ್ಳಗೆ ಓಡಿಬಂದ ನೀರು, ನೆಲ ಸಪಾಟಾದೊಡನೆ ವೇಗ ಕಳೆದುಕೊಂಡು ಥಟ್ಟನೆ ಮೇಲೇಳುತ್ತಿತ್ತು. ಅದೂ ಮಾವಶಿಯ ಅಂಗಳದ ಎದುರಿಗೇ. ಅಲ್ಲಿ ಕಾಲುವೆಯ ಗೋಡೆ ಎತ್ತರಿಸದಿದ್ದರೆ ಆ ಕೇರಿಗೆಲ್ಲ ನೀರು.

ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರರಿಗೆ ಪರದೆಯ ಮೇಲಿನ ಗೆರೆಗಳು ಹಿಡಿಸಲಿಲ್ಲ. “ಕೆಳಗೆ ಬಂದ್ಮೇಲೆ ನೀರು ಸಮಾಧಾನ ಆಗ್ತದೆ ಅಕ್ಕೋರೇ, ಏಳೂದು ಎಂತಕ್ಕೆ?” ಎಂದು ನಕ್ಕರು.

ವೈಶಾಲಿ ಮರುದಿನವೇ ಬಡಗಿಯನ್ನು ಕರೆಸಿದಳು. ನಮ್ಮ ಅಂಗಳದಲ್ಲಿ ಪ್ಲೈವುಡ್ಡಿನದೊಂದು ಉದ್ದನೆಯ ಕಾಲುವೆ ಮಾಡಿಸಿದಳು. ಅರ್ಧ ಇಳಿಜಾರು, ಅರ್ಧ ಸಪಾಟು, ಒಂದು ಬದಿಗೆ ಗಾಜು. ಎಂಜಿನಿಯರರನ್ನು ಚಹಾಕ್ಕೆ ಕರೆದಳು. ಪಂಪಿನ ಪೈಪು ಹಿಡಿಯುವ ಘನಕಾರ್ಯ ನನ್ನದು.

“ದಾದಾ, ಕೈ ಅಲ್ಲಾಡಿಸ್ಬೇಡ! ಒಂದೇ ಸಮ ಬಿಡು.”

ಬಿಟ್ಟೆ. ಇಳಿಜಾರಿನಲ್ಲಿ ಗಾಜಿನಂತೆ ಜಾರಿದ ನೀರು ಬುಡಕ್ಕೆ ಬಂದದ್ದೇ ನೊರೆಗಟ್ಟಿ ಎದ್ದಿತು. ಬಗ್ಗಿ ನೋಡುತ್ತಿದ್ದ ಎಂಜಿನಿಯರರ ಅಂಗಿಯೆಲ್ಲ ಒದ್ದೆ. ಅವರು ಕನ್ನಡಕ ಒರೆಸಿಕೊಂಡು, “ಮತ್ತೊಮ್ಮೆ ಬಿಡಿ” ಎಂದರು. ಮತ್ತೊಮ್ಮೆ ನೋಡಿದವರೇ, “ಗೋಡೆ ಎಲ್ಲಿಂದ ಎಲ್ಲೀವರೆಗೆ ಏರಿಸೂದು, ಹೇಳಿ” ಎಂದು ಕುರ್ಚಿ ಎಳೆದು ಕೂತರು. ದೊಡ್ಡ ಮನಸ್ಸಿನವರು.

ಕಾಲುವೆ ಕಟ್ಟಿ ಮುಗಿದ ವರ್ಷದ ಆಷಾಢದಲ್ಲಿ ಗುಡ್ಡವೇ ಕರಗಿ ಬಂದಂಥ ಮಳೆ. ನಾವೆಲ್ಲ ತೋಡೂರಿಗೆ ಓಡಿದೆವು. ಕೆಂಪು ನೀರು ಭೋರ್ಗರೆದು ಇಳಿದು, ವೈಶಾಲಿ ಹೇಳಿದಲ್ಲೇ ಎದ್ದು, ಹೊಸ ಗೋಡೆಯ ತುದಿಗಿಂತ ಗೇಣು ಕೆಳಗೆ ನಿಂತು, ಆಮೇಲೆ ಸಾವಕಾಶ ಮುಂದೆ ಹೋಯಿತು. ಮಾವಶಿಯ ಅಂಗಳಕ್ಕೆ ಹನಿ ಹಾರಲಿಲ್ಲ. ತಂಗಿ ಗೋಡೆ ಹಿಡಿದು ಬಗ್ಗಿ ನೀರಿನ ಮಟ್ಟ ನೋಡುತ್ತಿದ್ದಳು. ಆಯಿ ಮಾತ್ರ ಮೀನುಪೇಟೆಯ ದನಿಯಲ್ಲೇ ಕೇರಿಗೆಲ್ಲ ಸಾರಿದಳು: “ಉಳಿದವ್ರು ನೀರು ಬಂದ್ಮೇಲೆ ಹೇಳ್ತಾರೆ. ನನ್ನ ಮಗಳು ಬರೂದ್ರೊಳಗೇ ಹೇಳ್ತಾಳೆ!”

ಈಗ ಬಸ್ಸಿನಲ್ಲಿ ಅಂಕೋಲೆಗೆ ಹೋಗುವಾಗ ಗುಡ್ಡದಿಂದಿಳಿಯುವ ಕಾಲುವೆ ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಪಕ್ಕದವರಿಗೆ ಕೈ ಮಾಡಿ, “ನೋಡಿ, ನೀರು ಅಲ್ಲಿ ಏಳ್ತದೆ” ಎನ್ನುತ್ತೇನೆ.

“ನೀವು ಎಂಜಿನಿಯರ್ರಾ?”

“ಅಲ್ಲ,” ಎನ್ನುತ್ತೇನೆ ಎದೆಯುಬ್ಬಿಸಿ, “ಎಂಜಿನಿಯರರ ಅಣ್ಣ.”