ಮಾಳಿಗೆಯ ಮೇಲಿನ ಕೆರೆ

ನನಗೆ ಓದಲು ಬರುವುದಿಲ್ಲ ಎಂದು ನಾನು ತಂಗಿಗೆ ಹೇಳಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

ಮಲಾಡ್‌ನ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ನಾಲ್ಕನೆಯ ತರಗತಿ. ನಾನು ಎರಡು ವರ್ಷ ದೊಡ್ಡವಳು. ಅಪ್ಪ, ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದುದರಿಂದ ತಮ್ಮನನ್ನು ಎತ್ತಿ ಆಡಿಸಲು ನನ್ನನ್ನು ಶಾಲೆ ಬಿಡಿಸಿ, ಎರಡು ವರ್ಷದ ಮೇಲೆ ಮತ್ತೆ ಸೇರಿಸಿದ್ದರು. ಒತ್ತಕ್ಷರ ಬಂದರೆ ನನ್ನ ಕಣ್ಣು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆ ವರ್ಷ ಬಂದ ಹೊಸ ಟೀಚರ್ ನಮ್ಮನ್ನು ಜೋಡಿಜೋಡಿಯಾಗಿ ಕೂರಿಸಿದರು; ನನಗೆ ತಂಗಿಯೇ ಜೋಡಿ. ಪಾಠವನ್ನು ಎರಡು ಚೀಟಿಗಳಲ್ಲಿ ಬರೆದು ತರುತ್ತಿದ್ದರು. ಪ್ರತಿಯೊಬ್ಬಳೂ ತನ್ನ ಚೀಟಿಯನ್ನು ಓದಿಕೊಂಡು ಜೊತೆಯವಳಿಗೆ ಕಲಿಸಬೇಕು. ಆಮೇಲೆ ಟೀಚರ್ ಕೇಳುವಾಗ ನನ್ನ ಚೀಟಿಯ ಪ್ರಶ್ನೆ ಅವಳಿಗೆ, ಅವಳದು ನನಗೆ.

ಒಂದು ದಿನ ನನ್ನ ಪಾಲಿಗೆ ಬಂದದ್ದು, ಎತ್ತರದ ಬಿಲ್ಡಿಂಗಿಗೆ ನೀರು ಹತ್ತುವುದು ಹೇಗೆ ಎಂಬುದು. ತಲೆಬರಹವನ್ನು ಟೀಚರೇ ಓದಿ ಹೇಳಿ ಮುಂದೆ ಹೋದರು.

"ಅಕ್ಕಾ, ಲಗೂನ ಹೇಳ," ಎಂದು ತಂಗಿ ಮೊಣಕೈಯಿಂದ ತಿವಿದಳು.

ನಾವಿದ್ದ ಚಾಳಿನ ವಠಾರದಲ್ಲಿ ನಳದ ಸಾಲಿಗೆ ನಿಂತು ಎದುರಿನ ಬಿಲ್ಡಿಂಗ್ ನೋಡುವಾಗ ಅನ್ನಿಸುತ್ತಿದ್ದುದನ್ನೇ ಹೇಳಿಬಿಟ್ಟೆ. "ಬಿಲ್ಡಿಂಗ್ ಮಂದಿಗೆ ಮಾಳಿಗಿ ಮ್ಯಾಲ ಬ್ಯಾರೇನ ಕೆರಿ ಇರತೈತಿ. ಅದಕ್ಕ ಅವರಿಗೆ ದಿನಾಪೂರ್ತಿ ನೀರು."

"ಖರೇನ?"

"ಇಲ್ಲೇ ಬರದಾರಲ್ಲ," ಎಂದು ಚೀಟಿ ಮಡಚಿದೆ.

ಪ್ರಶ್ನೆ ಕೇಳುವ ಹೊತ್ತಿಗೆ ಬೆಂಚಿನ ಕೆಳಗೆ ನನ್ನ ಕಾಲು ನಿಲ್ಲುತ್ತಲೇ ಇರಲಿಲ್ಲ. ಗಂಟೆ ಹೊಡೆಯಲಿ, ಹೊಡೆಯಲಿ ಅನ್ನುತ್ತಿದ್ದೆ. ಟೀಚರ್ ತಂಗಿಯನ್ನು ಎಬ್ಬಿಸಿದರು. ಅವಳು ಗಟ್ಟಿ ದನಿಯಲ್ಲಿ, ಖುಷಿಯಿಂದ, ಕೆರೆಯ ಮಾತನ್ನು ಹೇಳಿದಳು.

ತರಗತಿಯೆಲ್ಲ ಹೋ ಎಂದಿತು. "ಏ, ಆ ಕೆರ್ಯಾಗ ಮೀನ ಅದಾವೇನ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೀರನ್ನ ಪಂಪಿನಿಂದ ಮಾಳಿಗೆ ಮೇಲಿನ ಟಾಕಿಗೆ ಏರಿಸ್ತಾರೆ ಅಂತ ಬರೆದಿದ್ದೆನಲ್ಲ," ಎಂದ ಟೀಚರ್ ನನ್ನ ಕಡೆ ತಿರುಗಿದರು. "ನೀನು ಹೀಗೆ ಕಲಿಸಿದೆಯಾ?"

"ಇಲ್ರೀ ಟೀಚರ್. ಪಂಪ್ ಅಂತನ ಹೇಳಿದ್ದೆ."

ತಂಗಿ ನನ್ನನ್ನು ನೋಡಿದಳು. ಆಮೇಲೆ ಕೂತಳು.

ಮನೆಗೆ ಹೋಗಿ ಅವ್ವನಿಗೆ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ನಳದ ಹತ್ತಿರ ಕೊಡ ತುಂಬಿ ಹರಿದರೂ ನನಗೆ ಕಾಣುತ್ತಿರಲಿಲ್ಲ. ಮಕ್ಕಳು ಅವಳನ್ನು 'ಮಾಳಿಗಿ ಕೆರಿ' ಎಂದೇ ಕರೆಯತೊಡಗಿದರು. ಆ ವರ್ಷವಿಡೀ ಅವಳು ಉತ್ತರಕ್ಕೆ ಕೈ ಎತ್ತಲಿಲ್ಲ. ವರ್ಷದ ಕೊನೆಗೆ ನಾನು ಶಾಲೆ ಬಿಟ್ಟೆ; ಅವಳು ಮುಂದೆ ಓದಿದಳು. ನನ್ನೊಳಗಿನ ತಳಮಳ ಮಾತ್ರ ಬಿಡಲಿಲ್ಲ.

ವರ್ಷಗಳ ಮೇಲೆ, ಟೀಚರ್ ಟ್ರೇನಿಂಗಿಗೆ ಸೇರಿದ್ದ ಅವಳು ಮುಲುಂಡ್‌ನಲ್ಲಿ ನಾನಿದ್ದ ಖೋಲಿಗೆ ಬಂದು ನೆಲದ ಮೇಲೆ ಕಾಗದ ಹರಡಿ ಕತ್ತರಿಸುತ್ತ ಕೂತಳು. ಮರುದಿನ ಮಕ್ಕಳಿಗೆ ಜೋಡಿಪಾಠ ಮಾಡಿಸಬೇಕಿತ್ತು. "ನೋಡೂಣು, ನೀನ ನನ್ನ ಜೋಡಿ. ಇದನ್ನ ಓದಿ ನನಗ ಕಲಸ," ಎಂದು ನಗುತ್ತ ಒಂದು ಚೀಟಿಯನ್ನು ಕೈಗಿಟ್ಟಳು.

ತಮ್ಮನ ಪುಸ್ತಕ ನೋಡಿ ಕಲಿತು, ಅಷ್ಟು ಹೊತ್ತಿಗೆ ನನಗೆ ಒತ್ತಕ್ಷರ ಬರುತ್ತಿತ್ತು. ಆದರೂ ಓದಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ.

"ಯಾಕ ಅಕ್ಕಾ?"

"ಅವತ್ತ ಆ ಚೀಟಿ ನನಗ ಓದಾಕ ಬರಲಿಲ್ಲ, ತಂಗೀ. ಕೆರಿ ಕಟ್ಟಿದಾಕಿ ನಾನು, ಪಂಪ್ ಅಂತ ಹೇಳಿದ್ದೆ ಅಂದಾಕೀನೂ ನಾನು. ಎಲ್ಲಾರ ಮುಂದ ನಿನ್ನ ಸುಳ್ಳಿ ಮಾಡಿದೆ. ನಂದು ತಪ್ಪಾತು."