ಕೈ ಕಟ್ಟಿ ನಿಂತವಳು

ಆಸ್ಪತ್ರೆಯಿಂದ ಮನೆಗೆ ಮರಳಿದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗುವವರೆಗೆ, ಕೆಲವು ವಾರ ದಿನಾ ಹೋಗಿ ಜೊತೆಗಿರುವುದು ಅವಳ ಕಸುಬು. ರೋಗಿಯ ಕೈಲಾಗುವುದನ್ನು ಅವಳು ಮಾಡಿಕೊಡುವಂತಿಲ್ಲ. ಕೈ ತಾನಾಗಿ ಮುಂದೆ ಹೋಗಿಬಿಡುತ್ತದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಹೀಗಾಗಿ ಎಲ್ಲರಿಗೂ ಅವಳು ಕೈಕಟ್ಟಮ್ಮ.

ಏಟು ತಿನ್ನುವುದು ಅವಳಿಗೆ ಹೊಸದಲ್ಲ. ಸೊಂಟ ಮುರಿದಿದ್ದ ಮೇಷ್ಟ್ರೊಬ್ಬರು ಊರುಗೋಲಿನಿಂದ ಮೊಣಕೈಗೆ ಬಾರಿಸಿದ್ದರು. ಮುದುಕಿಯೊಬ್ಬಳು ಕಚ್ಚಿದ ಗುರುತು ಹೆಬ್ಬೆರಳ ಬುಡದಲ್ಲಿತ್ತು. "ಗಂಜಿಗೆ ಬಾಯಿ ತೆರೀದವರು ಕಚ್ಚೋಕಾದ್ರೂ ತೆರೆದರಲ್ಲ" ಎಂದು ನಗುತ್ತಿದ್ದಳು.

ಮೀನಂಗಡಿಯ ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮನೆಯಲ್ಲಿ ಒಬ್ಬಳೇ. ಕೈಕಟ್ಟಮ್ಮ ಬರುವುದು ನಿಲ್ಲುವಷ್ಟರಲ್ಲಿ ತಾನೇ ಎದ್ದು ಓಡಾಡದಿದ್ದರೆ ತಮ್ಮನ ಮನೆ ಸೇರಬೇಕಿತ್ತು. ತಮ್ಮನ ಕಣ್ಣೆಲ್ಲ ಅವಳ ಅಂಗಡಿಯ ಮೇಲೆ. ಅವನ ಹೆಂಡತಿ ಮುರಿದ ದವಡೆ ಹಿಡಿದುಕೊಂಡು ಓಡಿಹೋಗಿದ್ದಳು.

"ಅಲ್ಲಿಗೆ ಹೋದ್ರೆ ಹೆಣವಾಗೇ ಈಚೆ ಬರೋದು ನಾನು" ಎನ್ನುತ್ತಿದ್ದಳು ಅಕ್ಕ.

ಆದರೂ ಮೊದಲ ವಾರ ಅವಳು ಗುಂಡಿ ಹಾಕಿಕೊಳ್ಳಲಾರದೆ ಚಹಾದ ಲೋಟ ಎಸೆದಳು. ಕೈಕಟ್ಟಮ್ಮನ ಹಣೆ ಒಡೆಯಿತು.

"ನಿಂತು ನೋಡೋಕೆ ಸಂಬಳ ಕೊಡ್ತಾರೇನೇ ನಿಂಗೆ?"

"ಎಸೆದ ಕೈಯಲ್ಲೇ ಗುಂಡಿನೂ ಹಾಕಿ, ಅಕ್ಕಾ" ಎಂದಳು ಅವಳು, ರಕ್ತ ಒರೆಸಿಕೊಳ್ಳುತ್ತ.

ಗುಂಡಿ ಬಿತ್ತು. ಆಮೇಲೆ ಬಚ್ಚಲು, ಒಲೆ, ನೆಲದಿಂದ ಏಳುವುದು. ಏಳುವಾಗೆಲ್ಲ ಅಕ್ಕ ಕೈಕಟ್ಟಮ್ಮನ ವಂಶವನ್ನೇ ಜಾಲಾಡುತ್ತಿದ್ದಳು.

ಅಕ್ಕ ಎಡಗೈಯಲ್ಲಿ ತರಕಾರಿ ಹೆಚ್ಚುವುದನ್ನು ಕಲಿಯುತ್ತಿದ್ದ ದಿನ ತಮ್ಮ ನುಗ್ಗಿದ. ಕುಡಿದಿದ್ದ.

"ಗಾಡಿ ತಂದಿದೀನಿ. ನಡಿ."

ಸೋತ ತೋಳನ್ನೇ ಹಿಡಿದು ಎಳೆದ. ಅಕ್ಕ ಕುರ್ಚಿ ಸಮೇತ ಉರುಳಿದಳು. ಅಡ್ಡ ಬಂದ ಕೈಕಟ್ಟಮ್ಮನ ಮುಖಕ್ಕೆ ಗುದ್ದಿದ, ತುಟಿ ಸೀಳಿತು. ಅವಳು ಎರಡೂ ಕೈಯಿಂದ ಅವನ ಕಾಲರಿಗೆ ಜೋತುಬಿದ್ದಳು. ಅವನು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಮತ್ತೆ ಬಡಿದ.

"ಬಿದ್ದವಳನ್ನ ಎತ್ತೋಕಾಗದ ನೀನೆಂಥಾ ದಾದಿಯೇ!" ಎಂದು ಹಂಗಿಸಿದ.

"ಅಕ್ಕಾ, ಎಡಕ್ಕೆ ಹೊರಳಿ" ಎಂದಳು ಅವಳು. ಅವಳ ಹೊಟ್ಟೆಗೆ ಅವನ ಮೊಣಕಾಲು ಬಿತ್ತು. ಉಸಿರು ಸಿಕ್ಕ ಮೇಲೆ, "ಮೊಣಕೈ ಊರಿ. ಮಂಡಿ ಮೇಲೆ ಬನ್ನಿ. ಮೇಜು ಹಿಡೀರಿ… ಎಡಗಾಲು ಮುಂದೆ."

ಅಕ್ಕ ಬೈಯಲಿಲ್ಲ. ಹೊರಳಿದಳು, ಊರಿದಳು, ಮೇಜಿನ ಅಂಚು ಹಿಡಿದು ನಡುಗುತ್ತ ಎದ್ದಳು. ಏಳುತ್ತಲೇ ತರಕಾರಿ ಚಾಕು ಎತ್ತಿಕೊಂಡು ತಮ್ಮನ ಬೆನ್ನಿಗೆ ತಾಗಿಸಿದಳು.

"ಬಿಡು ಅವಳನ್ನ. ಎಡಗೈ ನಂದು, ಇನ್ನೂ ಗುರಿ ಬಂದಿಲ್ಲ. ಬೆರಳಿಗೆ ಇಟ್ಟಿದ್ದು ಕುತ್ತಿಗೆಗೆ ಬೀಳುತ್ತೆ."

ಅವನು ನಕ್ಕು ತಿರುಗಿದ. ಚಾಕು ಅವನ ಅಂಗೈ ಸೀಳಿತು. ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ಮೆಟ್ಟಿಲುದ್ದಕ್ಕೂ ರಕ್ತ ಚೆಲ್ಲುತ್ತ ಓಡಿದ.

ಪೊಲೀಸರು ಬಂದರು, ಕೇಳಿದರು, ಹೋದರು. ಕೈಕಟ್ಟಮ್ಮನ ಹಲ್ಲೊಂದು ಹೋಗಿತ್ತು. ಅವಳು ಬರುವ ಕೊನೆಯ ದಿನ ಅಕ್ಕ ತಾನೇ ಚಹಾ ಕಾಸಿ ಕೊಟ್ಟಳು. ಸಕ್ಕರೆ ಮರೆತಿದ್ದಳು, ಕೈಕಟ್ಟಮ್ಮ ಏಳಲಿಲ್ಲ, ಅಕ್ಕನೇ ಎದ್ದು ತಂದಳು. ತಮ್ಮನ ಮನೆಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಬಡಗಿಯನ್ನು ಕರೆಸಿ, ಬಾಗಿಲ ಚಿಲಕವನ್ನು ಎಡಗೈಗೆ ಎಟುಕುವ ಕಡೆಗೆ ಹಾಕಿಸಿಕೊಂಡಳು.