ಒಣ ಉಗ್ರಾಣದಲ್ಲಿ ಹರಿದ ಪಾಕ

ಹಳೆಯ ಕಟ್ಟಡಗಳಿಗೆ ಜೀವ ಇರುತ್ತದೆ, ಅವು ಮುನ್ಸೂಚನೆ ಕೊಡುತ್ತವೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನನಗೆ ನಂಬಿಕೆ ಬಂದಿದೆ ಎನ್ನಲಾರೆ. ಬಂದಿರುವುದು ಸಿಟ್ಟು. ಆ ಮಧ್ಯಾಹ್ನವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಗುವವರು ನಗಲಿ.

ಕೆಲವು ವರ್ಷಗಳ ಹಿಂದಿನ ಮಾತು. ಗಲ್ಫಿನಲ್ಲಿ, ಅಲ್ ಹೈಲ್ ಎಂಬಲ್ಲಿ ಮನೆ ಮಾಡಿಕೊಂಡು ಒಂದು ಕಟ್ಟಡ ಕಂಪನಿಯಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ಸೊಹಾರ್ ಪಟ್ಟಣದಿಂದ ಒಳಗೆ, ಬೆಟ್ಟದ ಬುಡದ ಒಂದು ಊರಿನಲ್ಲಿ ಹಳೆಯ ಸಿರಿವಂತ ಮನೆತನವೊಂದರ ಖರ್ಜೂರದ ಉಗ್ರಾಣವನ್ನು ದುರಸ್ತಿ ಮಾಡಿ ಅತಿಥಿಗೃಹ ಮಾಡುವ ಕೆಲಸ ನಮಗೆ ಬಂತು. ಮಣ್ಣಿಗೆ ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯ ಗೋಡೆಗಳು. ಬುಡದಲ್ಲಿ ಎರಡು ಮೊಳ ದಪ್ಪ, ಮೇಲೆ ಹೋದಂತೆ ಸಪೂರ. ಮಾಡಿಗೆ ಖರ್ಜೂರದ ಮರದ್ದೇ ತೊಲೆಗಳು. ನೆಲದ ತುಂಬ ಸಾಲು ಸಾಲು ಕಿರುಗಾಲುವೆಗಳಿದ್ದವು. ಹಿಂದೆ ಖರ್ಜೂರದ ಮೂಟೆಗಳನ್ನು ಸೂರಿನವರೆಗೆ ಒಟ್ಟುತ್ತಿದ್ದರಂತೆ. ಭಾರಕ್ಕೆ ಇಳಿದ ಪಾಕ ಈ ಕಾಲುವೆಗಳಲ್ಲಿ ಹರಿದು ಮೂಲೆಯಲ್ಲಿ ಹೂತಿಟ್ಟ ಹಂಡೆಗೆ ಬೀಳುತ್ತಿತ್ತಂತೆ. ಅದೆಲ್ಲ ಅಜ್ಜನ ಕಾಲಕ್ಕೇ ನಿಂತುಹೋಯಿತು ಎಂದು ಮನೆಯವರು ಹೇಳಿದ್ದರು.

ನಮ್ಮ ಮೇಸ್ತ್ರಿ ಹಂಝಾಕ ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ತುಂಬ ಹಿರಿಯರು. ಮೊದಲ ದಿನವೇ ಗೋಡೆ ತಟ್ಟಿ ನೋಡಿ ಹೇಳಿದರು: "ಸರ್, ಇದಕ್ಕೆ ಸಿಮೆಂಟ್ ಬೇಡ ಮಾರಾಯ್ರೆ. ಮಣ್ಣಿಗೆ ಮಣ್ಣೇ ಮೆತ್ತಬೇಕು. ಸಿಮೆಂಟ್ ಹಾಕಿದ್ರೆ ಒಳಗಿನ ಪಸೆ ಹೊರಗೆ ಹೋಗ್ಲಿಕ್ಕಿಲ್ಲ. ಗೋಡೆ ಒಳಗೊಳಗೇ ಕರಗ್ತದೆ."

ನಾನು ಇದನ್ನೇ ಮ್ಯಾನೇಜರಿಗೆ ಹೇಳಿದೆ. ಅವನೂ ನಮ್ಮ ಕಡೆಯವನೇ. "ಕ್ಲೈಂಟಿಗೆ ನುಣ್ಣಗೆ ಬೇಕು. ಮೇಸ್ತ್ರಿ ಹೇಳಿದ್ದು ಕೇಳ್ಲಿಕ್ಕೆ ನಿನ್ನನ್ನು ಇಟ್ಟುಕೊಂಡದ್ದಾ? ಖಲಾಸ್" ಎಂದ. ನಾನು ಬಾಯಿ ಮುಚ್ಚಿಕೊಂಡೆ. ವೀಸಾ, ಮಕ್ಕಳ ಶಾಲೆ, ಎಲ್ಲ ನೆನಪಾಯಿತು. ಥೂ, ನನ್ನ ಜನ್ಮಕ್ಕಿಷ್ಟು! ಹೊರಗೋಡೆಗೆ ಸಿಮೆಂಟ್ ಬಳಿಸಿದೆ. ಅದು ಗಟ್ಟಿಯಾಗಲೆಂದು ದಿನಕ್ಕೆ ಮೂರು ಹೊತ್ತು ಪೈಪಿನಲ್ಲಿ ನೀರು ಹೊಡೆಸಿದೆ. ಹಂಝಾಕ ಹೇಳಿದಷ್ಟು ಮಾಡಿದರು.

ಹತ್ತನೆಯ ದಿನ ಮಧ್ಯಾಹ್ನ ಬಿಸಿಲಿನ ವಿರಾಮ. ಹಂಝಾಕ ಮತ್ತು ಇನ್ನು ಮೂವರು ಎಂದಿನಂತೆ ಉಗ್ರಾಣದೊಳಗೆ, ಅದೇ ಗೋಡೆಯ ಬುಡದ ತಂಪಿನಲ್ಲಿ ಊಟಕ್ಕೆ ಕೂತಿದ್ದರು. ನಾನು ಬಾಗಿಲು ದಾಟಿ ಒಳಗೆ ಕಾಲಿಟ್ಟೆ. ನೆಲದ ಕಾಲುವೆಗಳು ಹೊಳೆಯುತ್ತಿದ್ದವು. ಕಪ್ಪು ಪಾಕ ನಿಧಾನ ಹರಿಯುತ್ತಿತ್ತು. ಬೆಲ್ಲ ಕಾಯಿಸಿದಂಥ ವಾಸನೆ. ಬಗ್ಗಿ ಬೆರಳು ಅದ್ದಿದೆ. ಬೆಚ್ಚಗೆ, ಅಂಟಂಟು.

ನನಗೆ ಹೆದರಿಕೆ ಆಗಲಿಲ್ಲ, ತಲೆ ಕೆಟ್ಟಿತು. ಯಾರೋ ಏನೋ ತಂದು ಸುರಿದು ನೆಲ ಹಾಳು ಮಾಡಿದ್ದಾರೆ ಎಂದೇ ತಿಳಿದೆ. ಹತ್ತು ದಿನ ಮ್ಯಾನೇಜರನ ಮೇಲೆ ತೀರಿಸಲಾಗದ ಸಿಟ್ಟನ್ನು ಆ ಬಡಪಾಯಿಗಳ ಮೇಲೆ ಕಾರಿದೆ. "ಯಾರು ಚೆಲ್ಲಿದ್ದು ಇದನ್ನು? ಏಳಿ, ಎಲ್ಲ ಹೊರಗೆ! ಯಲ್ಲಾ, ಬೇಗ!"

ಕೈಯಲ್ಲಿ ತುತ್ತು ಹಿಡಿದಿದ್ದ ಹಂಝಾಕ ನೆಲ ನೋಡಿದರು. "ಎಂತ ಚೆಲ್ಲಿದ್ದು ಸರ್? ಬರೀ ಧೂಳು ಉಂಟಲ್ಲಾ."

ನಾನು ಕೇಳಿಸಿಕೊಳ್ಳಲಿಲ್ಲ. ಅವರ ತಟ್ಟೆಯನ್ನೇ ಕಿತ್ತುಕೊಂಡು ಹೊರಗೆ ನಡೆದೆ. ನಾಲ್ವರೂ ಹಿಂದೆಯೇ ಬಂದು ಸುಡು ಬಿಸಿಲಲ್ಲಿ ನಿಂತರು. "ಅನ್ನದ ಎದುರಿಂದ ಎಬ್ಬಿಸಿದ್ರಲ್ಲ" ಎಂದು ಹಂಝಾಕ ಹೇಳಿ ಮುಗಿಸುವಷ್ಟರಲ್ಲಿ ಗೋಡೆ ಒಳಗಡೆಗೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ನೆನೆದ ಅಕ್ಕಿಮೂಟೆ ಕುಸಿದ ಹಾಗೆ ಕೂತುಬಿಟ್ಟಿತು. ಅವರು ಉಣ್ಣುತ್ತಿದ್ದ ಜಾಗದಲ್ಲಿ ಎದೆಮಟ್ಟ ಹಸಿಮಣ್ಣು.

ಧೂಳು ಅಡಗಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಮಣ್ಣು ಮುಚ್ಚದೆ ಉಳಿದ ಕಾಲುವೆಗಳು ಒಣಗಿದ್ದವು. ನನ್ನ ಬೆರಳಲ್ಲೂ ಅಂಟು ಇರಲಿಲ್ಲ.

'ಸೈಟ್ ಇಂಜಿನಿಯರರ ಸಮಯಪ್ರಜ್ಞೆಯಿಂದ ನಾಲ್ಕು ಜೀವ ಉಳಿಯಿತು' ಎಂದು ಮ್ಯಾನೇಜರ್ ವರದಿ ಬರೆದ. ಸಿಮೆಂಟಿನ ಮಾತೇ ಅದರಲ್ಲಿಲ್ಲ. ಆ ಕಾಗದವನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ.

ಸಂಜೆ ಹಂಝಾಕ ನನ್ನ ಕಾರಿನ ಹತ್ತಿರ ಬಂದರು. "ಗೋಡೆ ಬೀಳ್ತದೆ ಅಂತ ನಿಮಗೆ ಗೊತ್ತಿತ್ತಲ್ವಾ ಸರ್? ಗೊತ್ತಿದ್ದೂ ಇಷ್ಟು ದಿನ ನಮ್ಮನ್ನು ಅದರ ಬುಡದಲ್ಲಿ ಕೂರಿಸಿದ್ರಾ?" ಪಾಕದ ವಿಷಯ ಹೇಳಿದೆ. ಪೂರ್ತಿ ಕೇಳಿದರು. "ಸುಳ್ಳು ಹೇಳುವುದಾದ್ರೆ ಸ್ವಲ್ಪ ನಂಬುವ ಹಾಗಿನದ್ದು ಹೇಳಿ" ಎಂದು ತಿರುಗಿ ಹೋದರು. ಆ ತಿಂಗಳೇ ದೂರದ ದುಕ್ಮ್ ಎಂಬ ಊರಿನಲ್ಲಿ ಬೇರೆ ಕೆಲಸ ಹಿಡಿದರು. ನನ್ನ ಫೋನು ಎತ್ತುವುದಿಲ್ಲ.

ಮೊನ್ನೆ ಡಾಕ್ಟರ್ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಗೋಡೆ ಉಬ್ಬಿದ್ದಿರಬೇಕು, ಹಸಿಮಣ್ಣಿನ ವಾಸನೆ ಬಂದಿರಬೇಕು, ನನ್ನ ಮನಸ್ಸಿಗೆ ಅದು ಮೊದಲೇ ತಿಳಿದಿತ್ತು, ಅದೇ ಪಾಕವಾಗಿ ಕಣ್ಣಿಗೆ ಕಂಡಿತು ಎಂದು ಸಲೀಸಾಗಿ ವಿವರಿಸಿದ. ಸಿಟ್ಟು ನೆತ್ತಿಗೇರಿ ಅವನ ಮನೆಯ ಚಹಾ ಸಹ ಮುಟ್ಟದೆ ಎದ್ದು ಬಂದೆ. ಕಂಡದ್ದು ಏನೆಂದು ನನಗೆ ಗೊತ್ತಿಲ್ಲ. ಆದರೆ ಆ ಪಾಕ ಅಲ್ಲಿ ಹರಿದಿರಲೇಬೇಕು. ಹರಿಯದಿದ್ದರೆ, ಹಂಝಾಕ ಕೇಳಿದ್ದಕ್ಕೆ ನನ್ನ ಉತ್ತರ 'ಹೌದು'.